ಎಡಗಡೆಯ ಮಡ್‌ಗಾರ್ಡ್

ಮಾರ್ಚ್ 3, ಸೋಮವಾರ. ಬೆಳಗ್ಗೆ

ಮತ್ತೆ ಅದೇ ಕನಸು. ಮರದ ಬೊಡ್ಡೆಯ ಗುಳಿಯಲ್ಲಿ ತಗಡಿಟ್ಟು ಕೊಡತಿಯಿಂದ ಬಡಿಯುತ್ತಿದ್ದೇನೆ. ಸದ್ದೇ ಇಲ್ಲ. ಬಡಿದಷ್ಟೂ ತಗಡು ಇಳಿಯುತ್ತಲೇ ಇದೆ, ಬೊಡ್ಡೆ ದಾಟಿ, ನೆಲ ದಾಟಿ... ಕೈ ಹಾಕಿದರೆ ತಣ್ಣಗಿನ ನೀರು. ಎದ್ದಾಗ ಮೈಯೆಲ್ಲ ಬೆವರು. ಕರೆಂಟಿಲ್ಲ, ಫ್ಯಾನಿಲ್ಲ. ಅದಕ್ಕೇ ಇರಬೇಕು.

ಎವೆಲಿಯೊ—ತಂಗಿ ಒನೆಲಿಯಳ ಗಂಡ—ನಿನ್ನೆ ಕಾರು ತಂದು ನಿಲ್ಲಿಸಿದ. ಐವತ್ತೆರಡರ ಮಾಡೆಲ್ ಪ್ಲಿಮತ್. ಎತ್ತಿನ ಗಾಡಿ ತಾಗಿ ಮುಂದಿನ ಎಡ ಮಡ್‌ಗಾರ್ಡ್ ಹರಿದುಹೋಗಿದೆ, ದೀಪ ಸಮೇತ. ಹೀಗೇ ರಸ್ತೆಗಿಳಿಸಿದರೆ ಪೊಲೀಸರು ಬಿಡುವುದಿಲ್ಲ. ಒನೆಲಿಯಳಿಗೆ ವಾರಕ್ಕೆ ಮೂರು ಸಲ ಒಲ್ಗೀನ್ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಾರು ಎದ್ದೇಳುವವರೆಗೆ ಲಾರಿಯ ಹಿಂಭಾಗದಲ್ಲಿ ನಿಂತು ಹೋಗಬೇಕು. ಇವತ್ತು ಹಾಗೇ ಹೋದಳು.

"ಎಷ್ಟು ದಿನ, ಭಾವ?" ಎಂದು ಕೇಳಿದ್ದ ಎವೆಲಿಯೊ.

"ಹತ್ತು."

"ನಿನ್ನ ಹತ್ತು ಅಂದ್ರೆ ಇಪ್ಪತ್ತು. ಒಂದ್ಸಲ ಅಳತೆ ತಗೊಂಡ್ರೆ ಸಾಕು ಮಾರಾಯ, ಆರು ಸಲ ಬೇಡ."

ಮಾರ್ಚ್ 5, ಬುಧವಾರ

ಬಲಗಡೆಯ ಮಡ್‌ಗಾರ್ಡಿಗೆ ರಟ್ಟು ಹಿಡಿದು ಕತ್ತರಿಸಿ, ತಿರುವಿ ಹಾಕಿ, ಅದರ ಪ್ರಕಾರ ಮರದ ಅಚ್ಚು ಕೆತ್ತುತ್ತಿದ್ದೇನೆ. ತಿರುವದಿದ್ದರೆ ಎರಡೂ ಬಲಗಡೆಯದೇ ಆಗುತ್ತದೆ. ಮೂರು ಸಲ ನೋಡಿದೆ. ತಿರುವಿದ್ದೇನೆ. ಏಳನೇ ಕ್ಲಾಸಿಗೆ ಬಿಟ್ಟವನು, ಸ್ಕೇಲಿನ ಸಣ್ಣ ಗೆರೆಗಳ ಮೇಲೆ ನಂಬಿಕೆಯಿಲ್ಲ. ಬೆರಳಿನ ಅಳತೆಯೇ ಅಳತೆ.

ನಾಲ್ಕನೇ ಸಲವೂ ನೋಡಿದೆ.

ಮಾರ್ಚ್ 8, ಶನಿವಾರ

ಹಳೇ ಎಣ್ಣೆ ಡ್ರಮ್ ಸೀಳಿ ತಗಡು ಬಿಡಿಸಿದೆ. ಬೊಡ್ಡೆಯ ಮೇಲೆ ಬಡಿತ. ಗುಳಿಯಲ್ಲಿ ಹಿಗ್ಗಿಸುವುದು, ಅಚ್ಚಿನ ಮೇಲೆ ಕೂರಿಸಿ ನೋಡುವುದು, ಮತ್ತೆ ಗುಳಿಗೆ. ಭುಜ ಉರಿಯುತ್ತಿದೆ.

ಒನೆಲಿಯ ಬಂದು ಕೂತಳು. ಒಂದೇ ಗುಟುಕು ಕಾಫಿ, ಅಷ್ಟೇ ಅವಳಿಗೆ ಅನುಮತಿ. ಕಾಲು ಮುಂದೆ ಚಾಚಿದಳು.

"ಅಣ್ಣಾ, ಇದನ್ನೂ ಸ್ವಲ್ಪ ಬಡಿದು ಸರಿಮಾಡು. ಊದಿ ಡ್ರಮ್ಮೇ ಆಗಿದೆ. ತಗಡು ಬೇಕಾದಷ್ಟು ಸಿಗುತ್ತೆ."

ನಗಲಿಲ್ಲ ನಾನು. ಕೊಡತಿ ಜಾರಿ ಹೆಬ್ಬೆರಳಿಗೆ ಬಿತ್ತು. ಆಗ ಅವಳು ನಕ್ಕಳು.

ಮಾರ್ಚ್ 13, ಗುರುವಾರ

ಬರೆಯಲು ಆಗಿರಲಿಲ್ಲ. ನಿನ್ನೆ ಆಸ್ಪತ್ರೆಯಿಂದ ಬರುವಾಗ ಒನೆಲಿಯ ಲಾರಿಯಲ್ಲೇ ಕುಸಿದುಬಿದ್ದಳಂತೆ. ಯಾರೋ ಮೂಟೆಗಳ ಮೇಲೆ ಮಲಗಿಸಿದರಂತೆ. ಎವೆಲಿಯೊ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಳದಲ್ಲಿ ನಿಂತು ತಗಡನ್ನೇ ನೋಡಿದ, ಹೋದ.

ನಾಳೆಯೂ ಅವಳಿಗೆ ಲಾರಿಯೇ. ಸೋಮವಾರಕ್ಕೆ ಕಾರು ಹೋಗಲೇಬೇಕು.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಬೆಳಗ್ಗೆ ಕೂರಿಸಿದೆ. ಎರಡೂ ಕಡೆ ಒಂದೇ ತರಹ, ಕನ್ನಡಿಯಲ್ಲಿ ನೋಡಿದ ಹಾಗೆ. ಎವೆಲಿಯೊ ಹೆಂಡತಿಯನ್ನು ಕರೆದು ತೋರಿಸಿದ. ಐದು ನಿಮಿಷ ಖುಷಿಯಾಗಿದ್ದೆ.

ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಎಡ ಟೈರು ಅಂಚಿಗೆ ಕರ್ರೆಂದು ಉಜ್ಜಿತು.

ಅಚ್ಚು ನೋಡಿದೆ, ರಟ್ಟು ನೋಡಿದೆ. ಎಲ್ಲ ಸರಿ. ಕೊನೆಗೆ ಮೊಳೆ ಹೆಕ್ಕುವ ಅಯಸ್ಕಾಂತ ತಂದು ಬಲಗಡೆಯ ಮಡ್‌ಗಾರ್ಡಿಗೆ ಹಿಡಿದೆ. ಹಿಡಿಯಲಿಲ್ಲ. ಜಾರಿ ಬಿತ್ತು. ಒಳಗೆ ತಗಡಿಗಿಂತ, ತಗ್ಗು ತುಂಬಲು ಮೆತ್ತುವ ಪುಟ್ಟಿಯೇ ದಪ್ಪ.

ಆಗ ನೆನಪಾಯಿತು. ಅದೂ ನನ್ನದೇ ಕೆಲಸ. ಹನ್ನೊಂದು ವರ್ಷದ ಹಿಂದೆ ಬೊಡ್ಡೆಯ ಒಂದು ಮಗ್ಗುಲು ಕೊಳೆತು ಕುಸಿದಿತ್ತು, ಅದರಿಂದ ಮಡ್‌ಗಾರ್ಡಿನ ಅಂಚು ಎರಡು ಬೆರಳು ಕೆಳಗೆ ಬಂದಿತ್ತು. ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಬಾಯಿ ಮುಚ್ಚಿಕೊಂಡಿದ್ದೆ. ಈಗ ಅದೇ ಸುಳ್ಳಿಗೆ ಅಳತೆ ಹಿಡಿದು ಅಚ್ಚು ಮಾಡಿದ್ದೇನೆ. ಹದಿನಾಲ್ಕು ದಿನ. ಅವಳು ಆರು ಸಲ ಲಾರಿ ಹತ್ತಿದಳು.

ಹೋಗಿ ಹೇಳಿಬಿಟ್ಟೆ.

ಎವೆಲಿಯೊ ತಲೆ ಕೆರೆದುಕೊಂಡ. "ಗೊತ್ತಿತ್ತು ಭಾವ. ಆಗಲೇ, ಮೊದಲನೇ ವಾರವೇ ಟೈರು ಹೇಳಿತ್ತು. ಬಲಕ್ಕೆ ಪೂರ್ತಿ ತಿರುಗಿಸ್ತಾ ಇರ್ಲಿಲ್ಲ, ಅಷ್ಟೇ. ಇವಳು ಹೇಳ್ಬೇಡ ಅಂದ್ಲು. ನಿನಗೆ ಗೊತ್ತಾದ್ರೆ ಮತ್ತೆ ಕೊಡತಿ ಮುಟ್ಟಲ್ಲ ಅಂತ."

"ಈಗ..."

"ಈಗ ಎಡಕ್ಕೂ ಇಲ್ಲ. ನೇರವಾಗಿ ಹೋಗೋದೇ. ಆಸ್ಪತ್ರೆನ ನೇರಕ್ಕೆ ತಂದಿಡ್ತಾರಾ, ಕೇಳ್ಬೇಕು."

ಬಿಚ್ಚಿ ಹೊಸದು ಮಾಡುತ್ತೇನೆ, ಹತ್ತು ದಿನ ಕೊಡಿ ಎಂದೆ. ಹಾಸಿಗೆಯಿಂದಲೇ ಒನೆಲಿಯ ಹೇಳಿದಳು, "ಇನ್ನು ನಾನು ಲಾರಿ ಹತ್ತಲ್ಲ ಅಣ್ಣಾ. ನಡಿ, ಆ ಅಂಚು ಮೇಲಕ್ಕೆ ಮಡಚು."

ಸಂಜೆ

ಮಡಚಿದೆ. ಅರದಿಂದ ಉಜ್ಜಿದೆ. ಪೂರ್ತಿ ತಿರುಗಿಸಿದರೂ ಈಗ ಟೈರಿಗೂ ಅಂಚಿಗೂ ನಡುವೆ ಒಂದು ಬೆರಳು ಆಡುತ್ತದೆ. ಐದು ಸಲ ನೋಡಿದೆ.

ಮಾರ್ಚ್ 17, ಸೋಮವಾರ. ಬೆಳಗ್ಗೆ 6.40

ಹೊರಟರು. ಎವೆಲಿಯೊ ಎಡಗಡೆಯ ಸ್ಟೀರಿಂಗಿಗೆ, ಅವನ ಹಿಂದೆಯೇ ಒನೆಲಿಯ, ದಿಂಬಿಗೊರಗಿ. ಕಿಟಕಿಯಿಂದ ಕೈ ಆಡಿಸಿದಳು. ತಿರುವಿನಲ್ಲಿ ಕಾರು ಎಡಕ್ಕೆ ತುಸು ವಾಲಿತು.

ವಾಲಿತು.

ನಿನ್ನೆ ಅಳೆದದ್ದು ಖಾಲಿ ಕಾರು. ಐದು ಸಲವೂ ಖಾಲಿ ಕಾರೇ. ಒಳಗೆ ಯಾರೂ ಕೂತಿರಲಿಲ್ಲ. ಇಬ್ಬರ ಭಾರ ಎಡಕ್ಕೇ ಬಿದ್ದರೆ ಅಂಚು ಟೈರಿನ ಮೇಲೆ ಎಷ್ಟು ಇಳಿಯುತ್ತದೋ.

6.55

ಫೋನ್ ಎತ್ತುತ್ತಿಲ್ಲ.

7.05

ಎತ್ತುತ್ತಿಲ್ಲ. ಮೆಸೇಜ್ ಹಾಕಬೇಕು. ಗಾಬರಿಯಲ್ಲಿ ಏನಾದರೂ ಬಿಟ್ಟುಹೋದೀತು, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಎವೆಲಿಯೊ, ದಾರಿಯ ಸೇತುವೆ ಹತ್ತಿರ ದೊಡ್ಡ ತಿರುವಿದೆ, ಅದಕ್ಕೆ ಮೊದಲೇ ನಿಲ್ಲಿಸು. ಒನೆಲಿಯಳನ್ನು ಇಳಿಸಬೇಡ, ಕೂತಲ್ಲೇ ಕೂತಿರಲಿ. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟು ಇಳಿ. ಎಡಗಡೆ ಅಂಚಿಗೂ ಟೈರಿಗೂ ನಡುವೆ ಬೆರಳು ಹೋಗುತ್ತದಾ, ಇನ್ನೊಂದು ಸಲ ನೋಡು. ನಿನ್ನ ಬೆರಳು ಸಣ್ಣದು, ಹೆಬ್ಬೆರಳು ಹಾಕಿ ನೋಡು.