ಬೆಳಕಿನ ಮುಲಾಮು

ನಿರ್ಣಾ, ತಾ. ಹುಮನಾಬಾದ
18 ಮಾರ್ಚ್ 2007

ಪ್ರೀತಿಯ ಫಕ್ರುನ್ನೀಸಾಗೆ,

ಗಿರಿಜಾಬಾಯಿಯ ಶರಣು. ಮನೆಯ ಹಿರಿಯರಿಗೆಲ್ಲ ಸಲಾಮು ಹೇಳು. ಮೂರು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈಯಿ, ಆದರೆ ಪೂರ್ತಿ ಓದಿ ಬೈಯಿ. ಗುಣವಾಯಿತೆಂದು ಡಾಕ್ಟರ ಬಾಯಿಂದ ಕೇಳುವ ತನಕ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದೆ. ಮೊನ್ನೆ ಶುಕ್ರವಾರ ಹೈದರಾಬಾದಿಗೆ ಬಂದಿದ್ದೆ. ನೀನು ಪರೀಕ್ಷೆಯ ಡ್ಯೂಟಿಗೆ ಪರವೂರಿಗೆ ಹೋಗಿದ್ದೆಯಂತೆ. ಡಾಕ್ಟರು ಹಣೆ, ಮೂಗು, ಎರಡೂ ಮುಂಗೈಗಳನ್ನು ಭೂತಗನ್ನಡಿ ಹಿಡಿದು ನೋಡಿ, ಎಲ್ಲ ಸಾಫ್ ಎಂದರು. ಗೆದ್ದೆ ನೋಡು, ಫಕ್ರೂ!

ಡಿಸೆಂಬರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ನನ್ನನ್ನು ಬಿಟ್ಟು ನೀನು ಶಾಲೆಗೆ ಓಡಿದೆ. ಸಂಜೆ ನನಗೆ ಮಾತಾಡುವ ತ್ರಾಣ ಇರಲಿಲ್ಲ. ಒಳಗೆ ಆದದ್ದನ್ನು ಈಗ ಹೇಳುತ್ತೇನೆ. ಹುಟ್ಟಿನಿಂದಲೇ ಬಣ್ಣವಿಲ್ಲದ ಮೈ ನನ್ನದು; ಬಿಸಿಲಿಗೆ ಬೆಂದು ಬೆಂದು ಆ ಒರಟು ಕಲೆಗಳು ಎದ್ದಿವೆ, ಇನ್ನೂ ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಆಗಬಹುದು ಎಂದರು ಡಾಕ್ಟರು. ಕಲೆಗಳಿಗೆ ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಮೂರು ತಾಸು ಕೂರಿಸಿದರು. ಆ ಮುಲಾಮು ಬೆಳಕು ಬಿದ್ದಾಗಲೇ ಕೆಲಸ ಮಾಡುವುದಂತೆ. ಜನ್ಮವಿಡೀ ಬೆಳಕಿಗೆ ಕಣ್ಣು ಮುಚ್ಚಿದವಳಿಗೆ ಬೆಳಕೇ ಮದ್ದು! ನಗು ತಡೆಯಲಾಗಲಿಲ್ಲ. ಪಟ್ಟಿ ಬಿಚ್ಚಿ ಕಲೆಗಳ ಮೇಲೆ ದೀಪ ಹಚ್ಚಿದರು ನೋಡು, ನಗು ಎಲ್ಲಿಗೋ ಹೋಯಿತು. ಹಸಿ ಗಾಯಕ್ಕೆ ಖಾರ ಅರೆದು ಹಚ್ಚಿದ ಉರಿ. ನರ್ಸು ನೀರು ಸಿಂಪಡಿಸುತ್ತಿದ್ದಳು. ನಾನು ಅಂಗನವಾಡಿಯ ಮಕ್ಕಳ ಹೆಸರುಗಳನ್ನು ಹಾಜರಿ ಕರೆದಂತೆ ಕರೆಯುತ್ತಾ ಕಳೆದೆ.

ಎರಡು ದಿನ ಬಿಸಿಲು ಸೋಕಬಾರದು ಎಂದಿದ್ದರೂ ನಾನು ಊರಿಗೆ ಹೊರಟೇಬಿಟ್ಟೆ, ನೀನು ಬೈಯುತ್ತಲೇ ನಿನ್ನ ಬುರ್ಖಾ ತೊಡಿಸಿ ಬಸ್ಸು ಹತ್ತಿಸಿದೆ. ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಏನಾಯಿತು ಗೊತ್ತೇ? ನಮ್ಮ ಮನೆಯವರು ನನ್ನ ಮುಂದೆಯೇ ಬಂದು ನಿಂತು, "ಅಮ್ಮಾ, ಬಸ್ಸಿನಾಗ ಬೆಳ್ಳಗಿನ ಹೆಣ್ಮಗಳೊಬ್ಬಾಕಿ ಇದ್ದಳೇನ್ರೀ?" ಎಂದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನಗೆ 'ರೀ'!

"ಇದ್ದಳ್ರೀ. ಭಾಳ ಚೆಂದ ಅದಾಳ್ರೀ," ಎಂದೆ.

"ಅಯ್ಯ ನಿನ್ನ! ಗಿರಿಜಾ, ನೀನೇನ?" ಎಂದು ಬಾಯಿ ಬಿಟ್ಟು ನಿಂತರು. ಇಬ್ಬರೂ ನಗುವುದನ್ನು ನೋಡಿ ಕಂಡಕ್ಟರೂ ನಕ್ಕ.

ಹಕ್ಕಳೆ ಉದುರಿ ಹೊಸ ಚರ್ಮ ಬಂದಿದೆ. ನನಗೆ ಕುಷ್ಠ ಹತ್ತಿದೆ ಎಂದು ಊರೆಲ್ಲ ಸಾರಿ, ಮೊಮ್ಮಗಳನ್ನು ಅಂಗನವಾಡಿಯಿಂದ ಬಿಡಿಸಿದ್ದ ಸರುಬಾಯಿ ನಿನ್ನೆ ತಾನೇ ಬಂದಳು. "ತಪ್ಪಾಯ್ತ್ರೀ ಬಾಯಿ, ಈಕಿನ್ನ ಕುಂದರಿಸ್ಕೋರಿ," ಎಂದಳು. ಅರ್ಧ ತಾಸು ನಿಲ್ಲಿಸಿ ಚೆನ್ನಾಗಿ ದಬಾಯಿಸಿದೆ. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅದು ನನ್ನ ಹಣೆ ಮುಟ್ಟಿ ಮುಟ್ಟಿ ನೋಡಿತು.

ಈಗ ತೋಳುದ್ದದ ಕುಪ್ಪಸ, ಅಗಲ ಟೋಪಿ, ಛತ್ರಿ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಜನ ನಗಲಿ, ನನಗೇನು! ನಿನ್ನ ಬುರ್ಖಾ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ನೀನೂ ನಿನ್ನ ಮಕ್ಕಳೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಗಿರಿಜಾ

ತಾ.ಕ.: ಬಸವಕಲ್ಯಾಣದಿಂದ ಅವ್ವ ಬಂದಿದ್ದಾಳೆ. ಚಿಕ್ಕಂದಿನಲ್ಲಿ ನನಗೆ ಬಣ್ಣ ಬರಲೆಂದು ದಿನಾ ಮುಂಜಾನೆ ಎಣ್ಣೆ ಹಚ್ಚಿ ಮಾಳಿಗೆಯ ಬಿಸಿಲಿಗೆ ಕೂರಿಸುತ್ತಿದ್ದಳಲ್ಲ, ನೀನೂ ಪಕ್ಕದಲ್ಲಿ ಬಂದು ಕೂರುತ್ತಿದ್ದೆ. ಇವತ್ತು ಅವ್ವ, "ಯಾತರಿಂದ ಬಂತಂತ ಹೇಳಿದ್ರು ಡಾಕ್ಟರು?" ಎಂದು ಕೇಳಿದಳು. ಹುಟ್ಟಿದಾಗಿನಿಂದಲೇ ಒಳಗಿತ್ತಂತೆ ಎಂದುಬಿಟ್ಟೆ. ಅವ್ವನ ಮುಖ ಅರಳಿತು. "ಹಂಗಾದ್ರ ನಾ ದಿನಾ ಬಿಸಿಲಿಗೆ ಕುಂದರಿಸಿದ್ದಕ್ಕ ಇಷ್ಟು ವರ್ಷ ತಡೀತು ನೋಡವ್ವಾ," ಎಂದಳು.

ಹೌದವ್ವಾ ಎಂದೆ, ಫಕ್ರೂ.