ತಮ್ಮ ಉಳಿತಾಯದ ಕೆಳಗೆ ಮಲಗಿದವರು

ಸರಕಾರಿ ಕಟ್ಟಡಗಳ ಕೆಲಸ ನಿಲ್ಲಿಸಿದ ಅಧಿಕಾರಿ ಸಾಹೇಬರಿಗೆ,

ಮಾನ್ಯರೇ, ಖಡಕಿಯಾಚೆ ತಾವು ಅರ್ಧಕ್ಕೆ ಬಿಟ್ಟ ಗೋದಾಮಿನ ಮುಂಭಾಗ ಬೀಳುವ ಹಾಗಿದೆ. ಅದರ ಕೆಳಗೆ ಜನ ಇದ್ದಾರೆ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಬಿಟ್ಟು ಯಾರನ್ನಾದರೂ ಕಳಿಸಿ.

ಸ್ಲ್ಯಾಬ್ ಹಾಕುವಾಗ ಕೆಳಗೆ ಕೊಡುವ ಕಟ್ಟಿಗೆಯ ಆಸರೆಗಂಬಗಳನ್ನು ಬಾಡಿಗೆಗೆ ಕೊಟ್ಟು ಬದುಕುವವನು ನಾನು. ಲಾರಿ ಕೆಳಗೆ ನಿಲ್ಲಲೆಂದು ಗೋದಾಮಿನ ಮುಂದಕ್ಕೆ ಚಾಚಿದ ಸ್ಲ್ಯಾಬು ನನ್ನ ಕಂಬಗಳ ಮೇಲೆ ನಿಂತಿದೆ. ಹಿಂದುಗಡೆ ಗೋಡೆ ಏರಿ ಭಾರ ಕೂತ ಮೇಲಷ್ಟೇ ಅದು ತನ್ನಷ್ಟಕ್ಕೆ ನಿಲ್ಲುವುದು. ಆ ಗೋಡೆಗೆ ಇಟ್ಟಿಗೆ ಬರುವ ಮೊದಲು ತಮ್ಮ ಮಿತವ್ಯಯದ ಆದೇಶ ಬಂತು. ದೇಶದಲ್ಲಿ ಏರಿದ ಬೆಲೆ ಇಳಿಸಬೇಕಂತೆ. ಇಳಿಸಿರಿ, ಬೇಡ ಅಂದವರಾರು? ಖರ್ಚು ಹಿಡಿಯುವುದು ವ್ಯಾಪಾರಿಯಾದ ನನಗೂ ಗೊತ್ತು. ಆದರೆ ಅರ್ಧ ಹೊಲಿದ ಅಂಗಿಯನ್ನು ಮಳೆಗೆ ಎಸೆಯುವುದು ಯಾವ ಸೀಮೆಯ ಉಳಿತಾಯ? ಕಂತ್ರಾಟದಾರನ ಬಿಲ್ಲು ತಮ್ಮಲ್ಲಿ, ಕೂಲಿಗಳ ಪಗಾರ ಕಂತ್ರಾಟದಾರನಲ್ಲಿ, ಕೂಲಿಗಳು ನನ್ನ ಕಂಬಗಳ ನಡುವೆ. ರಾಯಚೂರು ಕಡೆಯ ಏಳೆಂಟು ಸಂಸಾರ. ಅವರ ಜೋಪಡಿ ಸೋರುತ್ತದೆ, ತಮ್ಮ ಸ್ಲ್ಯಾಬು ಸೋರುವುದಿಲ್ಲ.

ಸೋಮವಾರ ಹೋದಾಗ ಹುಲಿಗೆವ್ವ ಎಂಬ ಹೆಣ್ಣುಮಗಳು ರೊಟ್ಟಿ ಬೇಯಿಸುತ್ತಿದ್ದಳು. ಒಲೆಯಲ್ಲಿ ಗುರುತಿಗೆಂದು ಕೆಂಪು ಪಟ್ಟಿ ಬಳಿದ ನನ್ನ ಕಂಬ.

"ಸಾವಕಾರ್ರ, ಸಿಟ್ಟಾಗಬ್ಯಾಡ್ರಿ," ಅಂದಳು. "ನಡುವಿಂದು ಒಂದೂ ಮುಟ್ಟಿಲ್ರಿ. ಮನಿ ನಿಂದ್ರೂದು ನಡುಗಂಬದ ಮ್ಯಾಲ, ಅಷ್ಟು ನಮಗೂ ಗೊತ್ತದರಿ. ಅಂಚಿನವಷ್ಟ ಒಂದೆರಡು ತಗೊಂಡೀವಿ."

ಅವಳ ಊರಿನ ಮಣ್ಣಿನ ಮನೆಗೆ ಆ ಮಾತು ಖರೆ. ಈ ಸ್ಲ್ಯಾಬು ಮುಂದಕ್ಕೆ ಮುಗ್ಗರಿಸುವಂಥದ್ದು. ಅದನ್ನು ಹಿಡಿದದ್ದೇ ಅಂಚಿನ ಕಂಬಗಳು.

"ಎಲ್ಲಾರೂ ಹೊರಗ ಬರ್ರಿ ಮೊದಲ," ಅಂದೆ.

"ಬಂದು ಎಲ್ಲಿ ಹೋಗೂದ್ರಿ? ಜಾಗಾ ಬಿಟ್ಟರ ಬಾಕಿ ಪಗಾರ ನೀವು ಕೊಡ್ತೀರೇನು?"



ಬೇರೆ ಕಂಬ ತಂದು ಅಂಚಿಗೆ ಆನಿಸಲು ಹೋದರೆ ತಮ್ಮ ಚೌಕೀದಾರ ತಡೆದ. ನಿಂತ ಕೆಲಸಕ್ಕೆ ಸಾಮಾನು ತರಲು ಹುಕುಂ ಇಲ್ಲವಂತೆ. ಅದೇ ಕಂಬವನ್ನು ಸೀಳಿ ಉರುವಲೆಂದು ಕಳಿಸಿದರೆ ತಡೆಯಿಲ್ಲ. ಉಳಿದ ಅಂಚಿನ ಕಂಬ ಒಲೆಗೆ ಹೋಗದಿರಲೆಂದು ದಿನಾ ಕಳಿಸುತ್ತಿದ್ದೇನೆ. ಧರ್ಮವೆಂದು ತಿಳಿಯಬೇಡಿ, ಹೆದರಿಕೆ. ಮಳೆ ಜೋರಾದರೆ ತುತ್ತು ಬಾಯಲ್ಲೇ ನಿಲ್ಲುತ್ತದೆ, ಕಿವಿ ಆ ದಿಕ್ಕಿಗೆ ಹೋಗುತ್ತದೆ. ನಾಳೆ ಬಿದ್ದರೆ, ಹೆಣಗಳ ಪಕ್ಕದಲ್ಲಿ ವಿಚಾರಣೆಯವರಿಗೆ ಸಿಗುವುದು ತಮ್ಮ ಸಹಿಯೋ, ನನ್ನ ಕೆಂಪು ಪಟ್ಟಿಯೋ?

ನನ್ನ ಬಾಡಿಗೆ ಕಾಯುತ್ತದೆ. ಅವರ ಪಗಾರ ಇದೇ ವಾರ ಕೊಡಿಸಿರಿ, ತಾವಾಗಿಯೇ ಹೊರಗೆ ಬರುತ್ತಾರೆ. ಅದಕ್ಕೂ ದುಡ್ಡಿಲ್ಲವಾದರೆ ಒಮ್ಮೆ ಬಂದು ಆ ಸ್ಲ್ಯಾಬಿನ ಕೆಳಗೆ ಚಹಾ ಕುಡಿಯಿರಿ. ಹುಲಿಗೆವ್ವ ಮಾಡಿಕೊಡುತ್ತಾಳೆ. ಒಲೆಯಲ್ಲಿ ಎಲ್ಲಿಯ ಕಂಬ ಉರಿಯುತ್ತಿದೆ ಎಂದು ಮಾತ್ರ ನೋಡಿಕೊಂಡು ಕೂಡ್ರಿ.

ಇಂತಿ,
ತಮ್ಮ ಕಟ್ಟಡವನ್ನು ಪುಕ್ಕಟೆ ಹೊತ್ತು ನಿಂತು, ಮೋಡ ಕಂಡರೆ ಬೆವರುವ
ಧರ್ಮಣ್ಣ, ಕಂಬ-ಹಲಗೆ ಬಾಡಿಗೆಯವನು
ಖಡಕಿ, ಪುಣೆ. ಆಗಸ್ಟ್ ೧೯೭೪