ನನ್ನ ಹೆಸರಿನ ಲಾಗಿನ್

ಡಿಸೆಂಬರ್ 3, 2007, ಸೋಮವಾರ

ಹಿಲ್ಲೂರಲ್ಲಿ ತಂಗಿಯ ಮದುವೆ ಮುಗಿಸಿ ಇವತ್ತು ಮತ್ತೆ ಡ್ಯೂಟಿ. ಅಗಸೂರಿಂದ ಅಂಕೋಲೆ, ಅಲ್ಲಿಂದ ಕಾರವಾರದ ಬಸ್ಸು. ನಿಂತೇ ಹೋದೆ. ಅಮದಳ್ಳಿಯಲ್ಲಿ ದಿನಾ ಹತ್ತುವ ಪ್ರಗತಿ — ಬಿಸಿಎ ಕೊನೆಯ ವರ್ಷದ ಹುಡುಗಿ — ಇವತ್ತು ಇರಲಿಲ್ಲ.

ನಾನು ನೋಡಿಕೊಳ್ಳುವ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ತೆರೆದರೆ ಅದೇ ಅವಸ್ಥೆ. ಕೀಬೋರ್ಡ್ ಸಂದಿಯಲ್ಲಿ ಶೇಂಗಾ ಸಿಪ್ಪೆ. ಪ್ರಾಕ್ಟಿಕಲ್ಸ್ ಬಿಟ್ಟು ಎಲ್ಲರೂ ಇಂಟರ್ನೆಟ್ಟಿನಲ್ಲಿ ಹರಟುವ ಆ ಆರ್ಕುಟ್‌ನಲ್ಲಿ. ಬೈದೆ. ಪಾಸ್‌ವರ್ಡ್ ಯಾರಿಗೂ ಕೊಡಬಾರದು, ಬೇರೆಯವರ ಲಾಗಿನ್ ಬಳಸಬಾರದು ಎಂದು ನಾನೇ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದೇನೆ. ಯಾರು ಓದುತ್ತಾರೆ?

ಗುರುಪ್ರಸಾದ ಸರ್ ಬಂದರು. ನಮ್ಮ ವಿಭಾಗದ ಮುಖ್ಯಸ್ಥರು. ನಕ್ಕರು.

"ರೂಪಾಲಿ ಮದ್ವೆ ಚಲೋ ಆಯ್ತಾ? ಹಿಲ್ಲೂರಲ್ಲಿ ಚಳಿ ಇತ್ತಾ?"

ನಾನಿಲ್ಲದ ದಿನಗಳಲ್ಲಿ ಹಾಜರಿ ಮಸ್ಟರಿಗೆ ನನ್ನ ಸಹಿ ಅವರೇ ಹಾಕಿದ್ದಾರೆ. ಟೆಂಪರರಿ ಕೆಲಸ, ನನಗೆ ರಜೆ ಇಲ್ಲ. ಹೋಗುವ ಮೊದಲು ಅವರೇ ಹೇಳಿದ್ದರು: "ತಂಗಿ ಮದ್ವೆ, ಹೋಗ್ಬಾ. ಸರ್ವರ್ ಪಾಸ್‌ವರ್ಡ್ ಕೊಟ್ಟು ಹೋಗು, ಬೆಳಿಗ್ಗೆ ನಾನೇ ಚಾಲೂ ಮಾಡ್ತೆ. ಹಾಜರಿ ಚಿಂತೆ ಬೇಡ." ಈ ಕೆಲಸ ಕೊಡಿಸಿದ್ದೂ ಅವರೇ. ಮಗಳಿಗೆ ಕೆಲಸ ಸಿಕ್ಕಿತೆಂದು ಆಯಿ ಇವತ್ತಿಗೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾಳೆ.

ಪಾಸ್‌ವರ್ಡ್ ಕೊಟ್ಟು ಹೋಗಿದ್ದೆ, ಬದಲಿಸಬೇಕು. ನಾಳೆ.

ಡಿಸೆಂಬರ್ 5, ಬುಧವಾರ

ಊಟದ ಬಿಡುವಿನಲ್ಲಿ ಪ್ರಗತಿ ಬಂದಳು. ಮುಖ ಇಳಿದುಹೋಗಿತ್ತು.

"ಮೇಡಂ, ಬಾಗ್ಲು ಹಾಕ್ತ್ರಾ?"

ಹಾಕಿದೆ. ಅವಳೇ ಆರ್ಕುಟ್ ತೆರೆದು ತೋರಿಸಿದಳು. ಅವಳ ಹೆಸರು, ಅವಳ ಫೋಟೋ, ಅವಳ ಮನೆಯ ಫೋನ್ ನಂಬರ್. ಕೆಳಗಿದ್ದದ್ದನ್ನು ಇಲ್ಲಿ ಬರೆಯಲಾರೆ. ಇಡೀ ದಿನ ಫೋನಂತೆ. ಯಾರ್ಯಾರೋ ಗಂಡಸರು. ಮೊದಲ ಫೋನ್ ಎತ್ತಿದ್ದು ಅವಳ ಅಪ್ಪ.

"ಇದು ನಾ ಮಾಡಿದ್ದಲ್ಲ ಮೇಡಂ. ಅಪ್ಪ ಹೊಡೀಲಿಲ್ಲ. ಮಾತೇ ಆಡುದಿಲ್ಲ. ಹೊಡೆದಿದ್ರೆ ಚಲೋ ಇತ್ತು."

ಫೋಟೋ ನೋಡುತ್ತ ನಿಂತೆ. ನೀಲಿ ಪರದೆ, ಒಂದು ಬದಿ ಮಡಚಿದ ಕಾಲರ್. ಐಡಿ ಕಾರ್ಡಿನ ಫೋಟೋ. ಜೂನ್‌ನಲ್ಲಿ ಇದೇ ಲ್ಯಾಬಿನಲ್ಲಿ ನಾನೇ ತೆಗೆದದ್ದು. ಅದು ಇರುವುದು ಸರ್ವರಿನಲ್ಲಿ ಮಾತ್ರ. ಆ ಫೋಲ್ಡರ್ ತೆರೆಯುವುದು ನನ್ನ ಲಾಗಿನ್ನಿಂದ ಮಾತ್ರ.

"ಸರ್ ಹತ್ರ ಹೇಳ್ತೆ, ತಡಿ," ಅಂದೆ.

ಅವಳು ನನ್ನ ಕೈ ಹಿಡಿದುಬಿಟ್ಟಳು. "ಗುರುಪ್ರಸಾದ ಸರ್ ಹತ್ರ ಬೇಡ ಮೇಡಂ."

"ಯಾಕೆ?"

ಬಾಗಿಲು ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿ ಹೇಳಿದಳು. "ಪ್ರಾಜೆಕ್ಟ್ ನೋಡ್ತೆ, ಮನೆಗೆ ಬಾ ಅಂತಿದ್ರು. ಹೆಂಡ್ತಿ ಮನೇಲಿ ಇಲ್ದೇ ಇದ್ದಾಗ. ನಾ ಹೋಗ್ಲಿಲ್ಲ. ಆಮೇಲೆ ಕ್ಲಾಸಲ್ಲಿ ನನ್ ಕಡೆ ನೋಡುದೇ ಬಿಟ್ರು."

ನೋಡೋಣ ಅಂದು ಕಳಿಸಿದೆ. ಏನು ನೋಡುವುದು... ಊಟದ ಡಬ್ಬಿ ತೆರೆಯಲಿಲ್ಲ.

ಡಿಸೆಂಬರ್ 6, ಗುರುವಾರ

ಸರ್ವರ್ ಎಲ್ಲವನ್ನೂ ಬರೆದಿಡುತ್ತದೆ, ಲಾಗ್ ಎಂಬ ದಾಖಲೆಯಲ್ಲಿ. ಯಾರು, ಯಾವಾಗ, ಏನು ತೆರೆದರು. ಹುಡುಕಿದೆ.

ನವೆಂಬರ್ 29, ಮಧ್ಯಾಹ್ನ. ಐಡಿ ಫೋಟೋಗಳ ಫೋಲ್ಡರ್. ಅದರ ಬೆನ್ನಿಗೇ ಆರ್ಕುಟ್‌ನಲ್ಲಿ ಹೊಸ ಖಾತೆ. ಲಾಗಿನ್ — ನೀತಾ.

ನನ್ನದು.

ಆ ಹೊತ್ತಿಗೆ ನಾನು ಹಿಲ್ಲೂರಲ್ಲಿ ದಿಬ್ಬಣದವರಿಗೆ ಪಾಯಸ ಬಡಿಸುತ್ತಿದ್ದೆ. ಆದರೆ ಮಸ್ಟರಿನಲ್ಲಿ ನನ್ನ ಸಹಿ ಇದೆ. ಮಸ್ಟರ್ ಪ್ರಕಾರ ನಾನು ಲ್ಯಾಬಿನಲ್ಲೇ ಇದ್ದೆ. ಆ ಖಾತೆ ತೆರೆದವಳು ನಾನೇ.

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಆಮೇಲೆ ಇನ್ನೊಂದು ಯೋಚನೆ ಬಂತು. ಅದನ್ನೂ ಬರೆದುಬಿಡುತ್ತೇನೆ. ಅಡ್ಮಿನ್ ನಾನೇ. ಆ ದಿನದ ದಾಖಲೆ ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಾನು ಬಚಾವು. ಮೌಸ್ ಅಲ್ಲಿಗೆ ಒಯ್ದೆ. ಸೆಲೆಕ್ಟ್ ಮಾಡಿದೆ. ಆ ಸಾಲುಗಳೆಲ್ಲ ನೀಲಿಯಾದವು.

ಬೆಲ್ ಆಯಿತು. ಹುಡುಗರು ನುಗ್ಗಿದರು. ಮಾನಿಟರ್ ಆಫ್ ಮಾಡಿದೆ.

ಅಳಿಸಿಲ್ಲ. ಅಳಿಸುವುದಿಲ್ಲ ಅನ್ನುವ ಧೈರ್ಯವೂ ಇಲ್ಲ. ಪಾಸ್‌ವರ್ಡ್ ಮಾತ್ರ ಬದಲಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಡಿಸೆಂಬರ್ 7, ಶುಕ್ರವಾರ

ಸರ್ ತಮ್ಮ ಕೋಣೆಗೆ ಕರೆಸಿದರು.

"ಪಾಸ್‌ವರ್ಡ್ ಬದಲ್ಸಿದ್ಯಾ?"

"ಹೌದು ಸರ್. ಸುಮ್ನೆ."

"ಸುಮ್ನೆ ಅಲ್ಲ. ನೀ ಲಾಗ್ ನೋಡಿದ್ದೆ." ಧ್ವನಿ ಎತ್ತರವಾಗಲಿಲ್ಲ. ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿದರು. "ನೋಡು ನೀತಾ. ಇಪ್ಪತ್ತೊಂಬತ್ತಕ್ಕೆ ನೀ ಎಲ್ಲಿದ್ದೆ? ಮಸ್ಟರ್ ಕೇಳಿದ್ರೆ ಲ್ಯಾಬಲ್ಲಿ. ಸರ್ವರ್ ಕೇಳಿದ್ರೂ ಲ್ಯಾಬಲ್ಲಿ. ನಾ ಎಲ್ಲೂ ಇಲ್ಲ."

ಕಪ್ಪನ್ನು ನನ್ನತ್ತ ಸರಿಸಿದರು.

"ಬುಧವಾರ ತಪಾಸಣೆಗೆ ಯೂನಿವರ್ಸಿಟಿ ಕಮಿಟಿ ಬರ್ತದೆ. ಅಷ್ಟರೊಳಗೆ ಎಲ್ಲ ಸಿಸ್ಟಂ ಫಾರ್ಮ್ಯಾಟ್ ಮಾಡು. ಸರ್ವರ್ ಸಹಿತ, ಒಳಗೆ ಎಂತದೂ ಉಳೀಬಾರ್ದು. ನಿಂಗೂ ಚಲೋ, ನಂಗೂ ಚಲೋ. ಆ ಹುಡ್ಗಿ ನಾಕು ದಿನ ಅಳ್ತದೆ, ಮರೀತದೆ."

ಚಹಾ ಕುಡಿದೆ. ಯಾಕೆ ಕುಡಿದೆ? ಕಪ್ಪು ತೊಳೆದೂ ಇಟ್ಟು ಬಂದೆ.

ಡಿಸೆಂಬರ್ 9, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಅನ್ನ ಸೇರುತ್ತಿಲ್ಲ. "ಎಂತದೇ ನಿಂಗೆ? ಯಾರಾದ್ರೂ ಎಂತಾದ್ರೂ ಅಂದ್ರಾ?" — ಆಯಿ ಕೇಳುತ್ತಲೇ ಇದ್ದಾಳೆ. ತಲೆನೋವು ಅಂದೆ.

ಇವತ್ತು ಅಂಕೋಲೆ ಪೇಟೆಗೆ ಎಂದು ಹೇಳಿ ಅಮದಳ್ಳಿಗೆ ಹೋದೆ. ಪ್ರಗತಿಯ ಅಪ್ಪ ತುಳಸಿದಾಸರು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದರು. ದೋಣಿಗೆ ಹೋಗಿಲ್ಲವಂತೆ. ಬಂದರಿನಲ್ಲಿ ಜನ ನೋಡಿ ನಗುತ್ತಾರಂತೆ.

"ಬನ್ನಿ ಬಾಯೋರೆ. ಕಂಪ್ಯೂಟರ್ ನೋಡ್ಕಳ್ಳೋರು ನೀವೇ ಅಲ್ಲ?"

"ಹೌದು."

"ಫೋನಿನ ವೈರ್ ಕಿತ್ತು ಒಗದೆ. ಹುಡ್ಗಿ ಕಾಲೇಜು ಸಾಕು ಅಂತದೆ." ಬಲೆಯಿಂದ ಕಣ್ಣು ತೆಗೆಯಲಿಲ್ಲ. "ದರ್ಯಾದಲ್ಲಿ ಗಾಳಿ ಎದ್ರೆ ಯಾವ ದಿಕ್ಕಿಂದ ಅಂತ ಗೊತ್ತಾಗ್ತದೆ. ದೋಣಿ ತಿರುಗ್ಸಬಹುದು. ಇದು ಎಲ್ಲಿಂದ ಬಂತು, ಹೇಳಿ."

ನನಗೆ ಗೊತ್ತಿತ್ತು. ಹೇಳಲಿಲ್ಲ.

ಒಳಗೆ ಪ್ರಗತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೂ ತಿರುಗಲಿಲ್ಲ. ಅವಳ ತಾಯಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಮೆಲ್ಲಗೆ ಅಂದರು: "ಬಾವಿ ಕಡೆ ಒಬ್ಳನ್ನೇ ಬಿಡುದಿಲ್ಲ ನಾ ಈಗ."

ವಾಪಸ್ ಬಸ್ಸಿನಲ್ಲಿ ಅಂಕೋಲೆ ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಕೂಗಿ ಇಳಿಸಿದ.

ಡಿಸೆಂಬರ್ 10, ಸೋಮವಾರ

ಬೆಳಿಗ್ಗೆಯಿಂದ ಫಾರ್ಮ್ಯಾಟ್. ವಿದ್ಯಾರ್ಥಿಗಳ ಮಷೀನುಗಳೆಲ್ಲ ಮುಗಿದವು. ಸರ್ವರ್ ಒಂದು ಉಳಿಯಿತು. ಸರ್ ಬಾಗಿಲಲ್ಲಿ ನಿಂತು ನೋಡಿ ಹೋದರು. ಮತ್ತೆ ಬಂದರು. "ಆಯ್ತಾ?" "ಆಗ್ತದೆ ಸರ್."

ಬಾವಿಯ ಮಾತು ತಲೆಯಿಂದ ಹೋಗಲಿಲ್ಲ.

ಆ ದಿನದ ಲಾಗ್ ಪ್ರಿಂಟ್ ಹಾಕಿ ನೇರ ಪ್ರಿನ್ಸಿಪಾಲರ ಹತ್ತಿರ ಹೋದೆ. ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಪಾಸ್‌ವರ್ಡ್ ಕೊಟ್ಟದ್ದು, ಸುಳ್ಳು ಸಹಿ, ಎಲ್ಲ.

"ಕಮಿಟಿ ಬಂದು ಹೋಗ್ಲಿ. ಆಮೇಲೆ ನೋಡುವಾ."

"ಆಮೇಲೆ ನೋಡುಕೆ ಎಂತದೂ ಉಳಿಯುದಿಲ್ಲ ಸರ್."

ಅವರು ಕನ್ನಡಕ ತೆಗೆದರು. "ಇದರಲ್ಲಿ ಇರುದು ನಿನ್ ಹೆಸರಲ್ವಾ?"

"ಹೌದು ಸರ್."

"ಹಾಗಾದ್ರೆ ಇದನ್ನ ಯಾರಿಗೂ ತೋರ್ಸಬೇಡ. ನಿನ್ ಒಳ್ಳೇದಕ್ಕೇ ಹೇಳ್ತಿದ್ದೆ."

ಲ್ಯಾಬಿಗೆ ಬಂದು ಸರ್ವರ್ ಬಂದ್ ಮಾಡಿದೆ. ಕೋಣೆಗೆ ಬೀಗ ಹಾಕಿದೆ. ಕೀ ನನ್ನ ಬ್ಯಾಗಿನಲ್ಲಿದೆ. ಇನ್ನೊಂದು ಕೀ ಆಫೀಸಿನಲ್ಲಿದೆ — ಅದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಇಂದೇ ಯಾರಾದರೂ ತೆಗೆದರೆ? ಅಮದಳ್ಳಿಯಲ್ಲಿ ಇಳಿದೆ. "ನಾಳೆ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಗೆ ಹೋಗುವಾ. ನಾನೂ ಬತ್ತೆ," ಅಂದೆ. ತುಳಸಿದಾಸರು ಬಲೆ ಮಡಚಿಟ್ಟರು. ಪ್ರಗತಿ ಎದ್ದು ಕುಳಿತಳು.

ಡಿಸೆಂಬರ್ 11, ಮಂಗಳವಾರ

ಹೋದೆವು. ಮೂವರೂ. ಸಬ್‌ಇನ್‌ಸ್ಪೆಕ್ಟರ್ ದೇವಿದಾಸ ಅವರು ಮೊದಲು ಪ್ರಗತಿಯ ಮಾತು ಕೇಳಿದರು. ಆಮೇಲೆ ನನ್ನತ್ತ.

"ಲಾಗಿನ್ ಯಾರ್ದು?"

"ನಂದು."

ಬೆಂಚಿನ ಮೇಲೆ ತುಳಸಿದಾಸರು ತಿರುಗಿ ನೋಡಿದರು. ಆ ನೋಟ ಎದುರಿಸಲಾಗಲಿಲ್ಲ.

"ಮೊನ್ನೆ ನಮ್ ಅಂಗಳದಲ್ಲಿ ನಿಂತಾಗ ಗೊತ್ತಿತ್ತು ನಿಮ್ಗೆ," ಅಂದರು. ಅಷ್ಟೇ.

"ಗೊತ್ತಿತ್ತು. ಹೆದರಿದ್ದೆ."

ಸಬ್‌ಇನ್‌ಸ್ಪೆಕ್ಟರ್ ಕೇಳಿದರು, "ಪಾಸ್‌ವರ್ಡ್ ಯಾಕೆ ಕೊಟ್ರಿ? ಮನೆ ಕೀ ಕೊಡ್ತ್ರಾ ಹೀಗೆ?"

ಮಧ್ಯಾಹ್ನ ಜೀಪಿನಲ್ಲಿ ಕಾಲೇಜಿಗೆ. ಬೀಗ ಹಾಗೇ ಇತ್ತು. ಸರ್ವರ್ ಬಟ್ಟೆಯಲ್ಲಿ ಸುತ್ತಿ ಸೀಲ್ ಮಾಡಿ ಒಯ್ದರು. ವರಾಂಡದಲ್ಲಿ ಹುಡುಗರ ಸಾಲು. ಗುರುಪ್ರಸಾದ ಸರ್ ನನ್ನ ಪಕ್ಕದಲ್ಲೇ ಹಾದುಹೋದರು. "ನಿಂಗೆ ತಿಳೀಲಿಲ್ಲ ನೀತಾ," ಅಂದರು. ಪಾಠ ಹೇಳುವ ಅದೇ ಧ್ವನಿ.

ಡಿಸೆಂಬರ್ 14, ಶುಕ್ರವಾರ

ಕೆಲಸ ಹೋಯಿತು. ನಾಳೆಯಿಂದ ಬರಬೇಡಿ ಎಂದು ಎರಡೇ ಸಾಲಿನ ಪತ್ರ.

ಆ ಖಾತೆ ತೆಗೆಸಿದ್ದಾರಂತೆ. ಅದೊಂದು ಸಮಾಧಾನ. ಆದರೆ ಸರ್ ಹೇಳಿಕೆ ಕೊಟ್ಟಿದ್ದಾರೆ — ನೀತಾಳಿಗೂ ಆ ಹುಡುಗಿಗೂ ಜಗಳವಿತ್ತು, ನೀತಾಳೇ ಮಾಡಿದ್ದು ಎಂದು. ಪೊಲೀಸರು ಹಿಲ್ಲೂರಿಗೆ ಹೋಗಿ ಮದುವೆ ಮನೆಯವರನ್ನು ಕೇಳಿದ್ದಾರೆ. ನಾನು ಅಲ್ಲಿದ್ದೆ ಎಂದು ಎಲ್ಲರೂ ಹೇಳಿದರಂತೆ. "ನೆಂಟರು ಹಾಗೇ ಹೇಳುದು," ಅಂದರು ಸಬ್‌ಇನ್‌ಸ್ಪೆಕ್ಟರ್. "ನೀವು ಅಲ್ಲಿದ್ರಿ ಅಂತ ಒಪ್ಪಿದ್ರೂ ಗುರುಪ್ರಸಾದರೇ ಮಾಡಿದ್ದು ಅನ್ನುಕೆ ಎಂತದಾದ್ರೂ ಸಾಕ್ಷಿ ಬೇಕು."

ಆಯಿಗೆ ಎಲ್ಲ ಗೊತ್ತಾಯಿತು. ಬೈಯಲಿಲ್ಲ. ದೇವರ ಮುಂದೆ ಕುಳಿತವಳು ಏಳಲಿಲ್ಲ.

ನಮ್ಮ ಮನೆಗೂ ಫೋನ್ ಬರುತ್ತಿದೆ. ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ. ಪ್ರಗತಿ ಇದನ್ನು ಎಷ್ಟು ದಿನ ತಡೆದುಕೊಂಡಳೋ. ಫೋನಿನ ಗಂಟೆಯಾದರೆ ಕೈಯಲ್ಲಿದ್ದದ್ದು ಬೀಳುತ್ತದೆ.

ಡಿಸೆಂಬರ್ 18, ಮಂಗಳವಾರ, ಬೆಳಿಗ್ಗೆ

ಗೇಟಿನ ಸದ್ದು. ಬಗ್ಗಿ ನೋಡಿದರೆ ಹೀರಾ ವೈನಿ. ಗುರುಪ್ರಸಾದ ಸರ್ ಹೆಂಡತಿ. ಒಬ್ಬರೇ. ಕೇಸು ವಾಪಸ್ ತಗೋ ಎಂದು ಕೇಳಲು ಬಂದದ್ದು, ಇನ್ನೇನು. ಕಾಲು ಹಿಡಿದರೆ ಏನು ಹೇಳಲಿ? ಶಾಪ ಹಾಕಿದರೆ?

ಜಗುಲಿಯಲ್ಲಿ ಕುಳಿತರು. ನೀರು ಕೊಟ್ಟೆ. ಕುಡಿಯಲಿಲ್ಲ.

"ಆ ಹುಡ್ಗಿ ಫೋಟೋ ನಮ್ ಮನೆ ಕಂಪ್ಯೂಟರಲ್ಲೂ ಅದೆ," ಅಂದರು. "ನೀಲಿ ಪರದೆದು. ನಾ ಕಣ್ಣಾರೆ ನೋಡ್ದೆ. ಸಂಜೆ ಆದ್ರೆ ಆ ಆರ್ಕುಟ್ ತೆಗೆದು, ಯಾರ್ ಯಾರು ಎಂತ ಬರದಾರೆ ಅಂತ ಓದ್ತಿದ್ರು. ಓದಿ ನಗ್ತಿದ್ರು."

ನೀರಿನ ಲೋಟವನ್ನು ದೂರ ಸರಿಸಿದರು.

"ಆ ಕಂಪ್ಯೂಟರನ್ನ ಇವತ್ತು ಮಧ್ಯಾಹ್ನ ಹುಬ್ಬಳ್ಳಿಗೆ ಒಯ್ತಾರಂತೆ. ರಿಪೇರಿಗೆ ಅಂದ್ರು. ಅದು ಹಾಳೇ ಆಗ್ಲಿಲ್ಲ. ನಂಗೂ ಒಂದ್ ಮಗಳು ಅದೆ, ನೀತಾ. ಯಾರ್ ಹತ್ರ ಹೇಳ್ಬೇಕು ನಾ?"

ಸ್ಟೇಷನ್ನಿಗೆ ಫೋನ್ ಮಾಡಿದೆ. ದೇವಿದಾಸ ಅವರೇ ಸಿಕ್ಕರು. ವೈನಿಯ ಕೈಗೇ ಫೋನ್ ಕೊಟ್ಟೆ. ಎಲ್ಲ ಹೇಳಿದರು, ಒಂದು ಸಲವೂ ತಡವರಿಸದೆ. ಜೀಪು ಅವರ ಮನೆಗೆ ಹೊರಟಿದೆ. ನಾವಿಬ್ಬರೂ ಸ್ಟೇಷನ್ನಿಗೆ ಬರಬೇಕಂತೆ. ಆಯಿ ಅವರಿಗೆ ದೋಸೆ ಹಾಕುತ್ತಿದ್ದಾಳೆ, ತಿನ್ನದೆ ಬಿಡುವುದಿಲ್ಲ ಅಂತಾಳೆ. ಸೀರೆ ಬದಲಿಸಲು ಒಳಗೆ ಬಂದವಳು ಇದನ್ನು ಗೀಚುತ್ತಿದ್ದೇನೆ.

ಫೋನ್ ಇಟ್ಟ ಮೇಲೆ ವೈನಿ ಸೆರಗು ಸರಿಮಾಡಿಕೊಂಡರು. ನನ್ನನ್ನೇ ನೋಡಿ ಕೇಳಿದರು:

"ಇನ್ನು ರಾತ್ರಿಗೆ ನಾ ಯಾವ ಮನೆಗೆ ಹೋಗುದು?"

ನಾನು ನನ್ನ ಸೀರೆಯ ಜೊತೆಗೆ, ರಾತ್ರಿ ಇಲ್ಲಿಗೇ ಬರಲಿ ಎಂದು, ವೈನಿಗೂ ಒಂದು ಸೀರೆ ತೆಗೆದಿಟ್ಟಿದ್ದೇನೆ.